ಸಕ್ಕರೆ ಕಾಯಿಲೆಯವರ ಕಾಲುಹುಣ್ಣಿಗೆ ಪ್ರಾಣವಾಯು ಚಿಕಿತ್ಸೆ



ಕಾಲಿಗೆ ಕೂಳೆ ಚುಚ್ಚಿದರೆ ಒಡನೆಯೇ ನೋವಾಗುತ್ತದೆ. ಆದರೆ ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರಿಗೆ ಅದು ತಿಳಿಯದೆಯೇ ಹೋಗಬಹುದು. ಕಾಲಿನ ನರಗಳು ಜಡವಾಗಿರುತ್ತವೆ. ರಕ್ತನಾಳಗಳೂ ಕಿರಿದಾಗಿದ್ದರೆ ಗಾಯಕ್ಕೆ ಬೇಕಾದ ಪ್ರಾಣವಾಯು, ಎಂದರೆ ಆಮ್ಲಜನಕ, ಸಾಕಷ್ಟು ತಲುಪುವುದಿಲ್ಲ. ಹುಣ್ಣು ಮಾಯದೆ ಕೀವಾಗಿ, ಮೂಳೆಗಿಳಿದು, ಕೊನೆಗೆ ಕಾಲನ್ನೇ ಕತ್ತರಿಸುವ ಪ್ರಸಂಗ ಬರುವುದುಂಟು.

ಇಂಥ ಹುಣ್ಣಿಗೆ ಒಂದು ಚಿಕಿತ್ಸೆಯುಂಟು. ರೋಗಿಯನ್ನು ಭದ್ರವಾದ ಕೋಣೆಯಲ್ಲಿ ಕೂರಿಸಿ, ಒಳಗಿನ ಗಾಳಿಯ ಒತ್ತಡವನ್ನು ಎರಡು, ಎರಡೂವರೆ ಪಟ್ಟು ಏರಿಸಿ, ಶುದ್ಧ ಆಮ್ಲಜನಕವನ್ನು ಉಸಿರಾಡಿಸುತ್ತಾರೆ. ಆಗ ಅದು ರಕ್ತದಲ್ಲಿ ಹೆಚ್ಚಾಗಿ ಕರಗುತ್ತದೆ. ಮನೆಯಲ್ಲಿ ಸಿಲಿಂಡರಿನಿಂದ ಮೂಗಿಗೆ ಗಾಳಿ ಹಿಡಿಯುವುದು ಇದಕ್ಕೆ ಸಮನಲ್ಲ.

ಇದರಿಂದ ನಿಜವಾಗಿ ಗುಣವಿದೆಯೇ? ಹೊಸ ಗೊಬ್ಬರ ಬಂದರೆ ನೀವು ಒಂದು ಮಡಿಗೆ ಹಾಕಿ, ಪಕ್ಕದ ಮಡಿಗೆ ಹಾಕದೆ ಬಿಟ್ಟು ನೋಡುವುದಿಲ್ಲವೇ? ಸ್ವೀಡನ್ ದೇಶದ ವೈದ್ಯರು ಹಾಗೆಯೇ ಮಾಡಿದರು. 94 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಮ್ಲಜನಕ, ಇನ್ನೊಂದಕ್ಕೆ ಅದೇ ಕೋಣೆಯಲ್ಲಿ ಬರಿಯ ಗಾಳಿ ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿಸಲಿಲ್ಲ. ಸುಮಾರು ಒಂದೂವರೆ ಗಂಟೆಯಂತೆ, ಎಂಟು ವಾರಗಳಲ್ಲಿ 40 ಸಲ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು: ವರ್ಷದ ಕೊನೆಗೆ ಆಮ್ಲಜನಕ ಪಡೆದವರಲ್ಲಿ ಶೇಕಡ 52, ಗಾಳಿ ಪಡೆದವರಲ್ಲಿ ಶೇಕಡ 29 ಮಂದಿಗೆ ಹುಣ್ಣು ಮಾಯ್ದಿತ್ತು.

ಇಷ್ಟಕ್ಕೇ ಹಿಗ್ಗತಕ್ಕದ್ದಲ್ಲ. 2016ರಲ್ಲಿ ಪ್ರಕಟವಾದ ಕೆನಡಾದ ಪರೀಕ್ಷೆಯಲ್ಲಿ ಇಂಥ ಲಾಭ ಕಾಣಲಿಲ್ಲ. ಹಾಲೆಂಡಿನವರು ಕಾಲಿನ ರಕ್ತನಾಳ ಕಟ್ಟಿದ್ದ 120 ಮಂದಿಯನ್ನು ಪರೀಕ್ಷಿಸಿದರು. 2018ರ ಅವರ ವರದಿಯಲ್ಲೂ ಸ್ಪಷ್ಟವಾದ ವ್ಯತ್ಯಾಸ ಸಿಗಲಿಲ್ಲ. ಅಲ್ಲಿ ಆಮ್ಲಜನಕದ ಗುಂಪಿನ ಮೂರರಲ್ಲೊಂದು ಪಾಲಿನವರಿಗೆ ಚಿಕಿತ್ಸೆಯನ್ನು ಪೂರೈಸಲೇ ಆಗಲಿಲ್ಲ. ವಾರಗಟ್ಟಲೆ ಆಸ್ಪತ್ರೆಗೆ ಅಲೆಯುವುದು ಸುಲಭವೇ? ಒತ್ತಡದಿಂದ ಕಿವಿನೋವೂ ಬರಬಹುದು.

ಆದುದರಿಂದ ಇದು ಆಯ್ದ ಕೆಲವರಿಗೆ, ಬೇರೆ ಚಿಕಿತ್ಸೆಗಳ ಜೊತೆಗೆ ಕೊಡತಕ್ಕದ್ದು. ಅವುಗಳ ಬದಲಿಗೆ ಅಲ್ಲ. ಯಾರಾದರೂ ಇದನ್ನು ಸೂಚಿಸಿದರೆ ಮೊದಲು ಕೇಳಿ: ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ? ಕಟ್ಟಿದ ನಾಳವನ್ನು ತೆರೆಯಬಹುದೇ? ಒಟ್ಟು ಖರ್ಚೆಷ್ಟು?

ಹುಣ್ಣಿರುವ ಕಾಲಿನ ಮೇಲೆ ಭಾರ ಹಾಕಿ ನಡೆದರೆ ಯಾವ ಚಿಕಿತ್ಸೆಯೂ ಹತ್ತುವುದು ಕಷ್ಟ. ಸೊಪ್ಪಿನ ರಸ, ಸುಣ್ಣ ಹಚ್ಚಬೇಡಿ, ಬಿಸಿ ಶಾಖ ಕೊಡಬೇಡಿ, ಬೀಡಿ ಬಿಡಿ. ದಿನವೂ ಸಂಜೆ ಕಾಲು ತೊಳೆದು ಒರೆಸಿ, ಅಂಗಾಲನ್ನೂ ಬೆರಳ ಸಂದನ್ನೂ ನೋಡಿ. ಕಣ್ಣು ಮಂಜಾಗಿದ್ದರೆ ಮನೆಯವರಿಂದ ನೋಡಿಸಿ. ಚಿಕ್ಕ ಗಾಯ ಕಂಡರೂ, ನೋವಿಲ್ಲದಿದ್ದರೂ, ಮರುದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ.