ಟ್ರಿಗರಿನ ಭಾರ: ಕಳೆಯತಕ್ಕದ್ದು ಯಾವುದು, ಉಳಿಸತಕ್ಕದ್ದು ಯಾವುದು?

ಅಮೆರಿಕದ ಒಹಾಯೊ ರಾಜ್ಯದಲ್ಲಿ, ಈರಿ ಸರೋವರದ ದಂಡೆಯ ಮೇಲೆ, ಕ್ಯಾಂಪ್ ಪೆರಿ ಎಂಬ ಸೈನಿಕ ಶಿಬಿರವಿದೆ. 1907ರಲ್ಲಿ ಅಲ್ಲಿ ಆರಂಭವಾದ ರಾಷ್ಟ್ರೀಯ ಗುರಿ ಸ್ಪರ್ಧೆಗಳು ಇಂದಿಗೂ ಹೆಸರುವಾಸಿ. ಸೈನಿಕ ಮಾದರಿಯ ರೈಫಲ್ ಹಿಡಿದು ಬರುವ ಸ್ಪರ್ಧಿಗೆ ಒಂದು ಪರೀಕ್ಷೆಯಿದೆ. ಅವನ ಖಾಲಿ ಬಂದೂಕನ್ನು ನಳಿಗೆ ಮೇಲಾಗಿ ನಿಲ್ಲಿಸಿ, ಟ್ರಿಗರಿಗೆ ಕೊಕ್ಕೆ ಸಿಕ್ಕಿಸಿ, ನಾಲ್ಕೂವರೆ ಪೌಂಡಿನ ತೂಕವೊಂದನ್ನು ಅದರಿಂದಲೇ ಎತ್ತಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಎರಡು ಕಿಲೋಗ್ರಾಂಗಿಂತ ತುಸು ಹೆಚ್ಚು. ಅಷ್ಟು ಭಾರವನ್ನು ಟ್ರಿಗರು ತಾಳಿಕೊಂಡರೆ ಬಂದೂಕು ತೇರ್ಗಡೆ. ‘ಟಕ್’ ಎಂದು ಕಳಚಿತೋ, ಅದು ಸ್ಪರ್ಧೆಗೆ ಸಲ್ಲದು.

ಇದೊಂದು ವಿಚಿತ್ರವೆಂದು ವಾಚಕರಿಗೆ ತೋರಬಹುದು. ಗುರಿ ಹೊಡೆಯುವವರೆಲ್ಲ ಬಯಸುವುದು ಹಗುರವಾದ ಟ್ರಿಗರನ್ನು. ಹಾಗಿರುವಾಗ ‘ಇದಕ್ಕಿಂತ ಹಗುರವಾಗಕೂಡದು’ ಎಂದು ನಿಯಮ ಮಾಡಿದ್ದೇಕೆ? ನಮ್ಮಲ್ಲಿ ಮನೆಮಂದಿ ಸೈನ್ಯದಲ್ಲೋ ಪೊಲೀಸಿನಲ್ಲೋ ದುಡಿದ ಕುಟುಂಬಗಳು ಹಲವು. ಹಂದಿಯ ಕಾಟಕ್ಕೆಂದು ಪರವಾನಗಿಯ ತೋಟೆಕೋವಿ ಇರಿಸಿಕೊಂಡ ಕೃಷಿಕರೂ ಇದ್ದಾರೆ. ಅವರಿಗೆಲ್ಲ ಈ ಪ್ರಶ್ನೆಯ ಉತ್ತರ ಪ್ರಯೋಜನಕ್ಕೆ ಬಂದೀತು.

ಗಿರಣಿಯ ಹುಡುಗನ ಬಂದೂಕು

ಈ ವಿಷಯವನ್ನು ತಿಳಿಯಲು ಎಂ-1 ರೈಫಲಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅದನ್ನು ರೂಪಿಸಿದವರು ಜಾನ್ ಗ್ಯಾರಂಡ್ ಎಂಬವರು. 1888ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಹುಟ್ಟಿ, ಬಾಲ್ಯದಲ್ಲಿ ಅಮೆರಿಕದ ಬಟ್ಟೆಗಿರಣಿಯೊಂದರಲ್ಲಿ ನೆಲ ಗುಡಿಸುತ್ತಲೇ ಯಂತ್ರಗಳ ಮರ್ಮ ಕಲಿತವರು. 1919ರಲ್ಲಿ ಅವರು ಸ್ಪ್ರಿಂಗ್‌ಫೀಲ್ಡ್ ಸರಕಾರಿ ಆಯುಧಾಗಾರವನ್ನು ಸೇರಿದರು. ಅವರ ರೈಫಲನ್ನು ಅಮೆರಿಕದ ಸೈನ್ಯ 1936ರಲ್ಲಿ ಅಂಗೀಕರಿಸಿತು. ಐವತ್ತು ಲಕ್ಷಕ್ಕೂ ಹೆಚ್ಚು ಎಂ-1 ರೈಫಲುಗಳು ತಯಾರಾದವು. ಹಕ್ಕನ್ನು ಸರಕಾರಕ್ಕೆ ಬಿಟ್ಟುಕೊಟ್ಟ ಗ್ಯಾರಂಡರಿಗೆ ಸಂಬಳದ ಹೊರತು ರಾಯಧನವೆಂದು ಒಂದು ಕಾಸೂ ಸಿಗಲಿಲ್ಲ. 1974ರಲ್ಲಿ ಅವರು ತೀರಿಕೊಂಡರು.

ಎಂ-1 ಅರೆ ಸ್ವಯಂಚಾಲಿತ ರೈಫಲು. ಗುಂಡು ಹಾರಿದಾಗ ಹುಟ್ಟುವ ಅನಿಲದ ಒತ್ತಡದಿಂದಲೇ ಬೋಲ್ಟು ಹಿಂದೆ ಸರಿದು ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ. ಮರಳಿ ಬರುವಾಗ ಹೊಸ ತೋಟೆಯನ್ನು ಒಳಗೆ ತಳ್ಳುತ್ತದೆ. ಆದರೆ ಪ್ರತಿಯೊಂದು ಗುಂಡಿಗೂ ಟ್ರಿಗರನ್ನು ಬಿಟ್ಟು ಮತ್ತೆ ಎಳೆಯಲೇ ಬೇಕು. ‘ಅರೆ’ ಎಂಬ ಮಾತಿನ ಅರ್ಥ ಇಷ್ಟೆ. ಒಂದು ಎಳೆತಕ್ಕೆ ಒಂದೇ ಗುಂಡು ಎಂಬ ಈ ಶಿಸ್ತನ್ನು ಕಾಯುವ ಕೆಲಸ ಟ್ರಿಗರಿನ ಒಳಗಿನ ಪುಟ್ಟ ಕೊಕ್ಕೆಗಳದ್ದು.

ಎರಡು ಕೊಕ್ಕೆಗಳ ಕಾವಲು

ಹಳೆಯ ಕೋವಿಗಳಲ್ಲಿ ನಾವು ‘ಕುದುರೆ’ ಎನ್ನುವ ಭಾಗವಿದೆಯಷ್ಟೆ, ತೋಟೆಯ ಹಿಂಬದಿಗೆ ಪೆಟ್ಟು ಕೊಡಿಸುವಂಥದು? ಎಂ-1 ರೈಫಲಿನಲ್ಲಿ ಅದು ಒಳಗೆ ಅಡಗಿದೆ. ಬಲವಾದ ಸ್ಪ್ರಿಂಗು ಅದನ್ನು ಮುಂದಕ್ಕೆ ದೂಡುತ್ತಿರುತ್ತದೆ. ಟ್ರಿಗರಿನ ಮೇಲ್ತುದಿಯ ಕೊಕ್ಕೆ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಬಾಗಿಲಿನ ಅಗುಳಿಯನ್ನು ನೆನೆಸಿಕೊಂಡರೆ ಸಾಕು. ಟ್ರಿಗರು ಎಳೆದಾಗ ಅಗುಳಿ ಜಾರಿ ಕುದುರೆ ಬಡಿಯುತ್ತದೆ. ಮರುಕ್ಷಣವೇ ಬೋಲ್ಟು ಹಿಂದಕ್ಕೆ ಬಂದು ಕುದುರೆಯನ್ನು ಕೆಳಗೊತ್ತುತ್ತದೆ. ಬೆರಳು ಆಗಲೂ ಟ್ರಿಗರನ್ನು ಒತ್ತಿಕೊಂಡೇ ಇರುತ್ತದೆ. ಆಗ ಕುದುರೆಯನ್ನು ಹಿಡಿಯುವವರು ಯಾರು? ಅದಕ್ಕೆಂದೇ ಹಿಂಬದಿಯಲ್ಲಿ ಎರಡನೆಯ ಕೊಕ್ಕೆಯಿದೆ. ಬೆರಳು ಸಡಿಲವಾದಾಗ ಅದು ಕುದುರೆಯನ್ನು ಮೊದಲನೆಯ ಕೊಕ್ಕೆಗೆ ಒಪ್ಪಿಸುತ್ತದೆ.

ಈ ಕೊಕ್ಕೆಗಳು ಒಂದನ್ನೊಂದು ಹಿಡಿಯುವ ಅಂಚು ಬಹಳ ಕಿರಿದು. ಬಂದೂಕು ಕೈಜಾರಿ ಬಿದ್ದರೂ, ಬೋಲ್ಟು ರಭಸದಿಂದ ಬಡಿದರೂ, ಚಳಿಗೆ ಮರಗಟ್ಟಿದ ಬೆರಳು ಅರಿವಿಲ್ಲದೆ ತಾಗಿದರೂ ಅದು ಕಳಚಬಾರದು. ಆದುದರಿಂದಲೇ ಸೈನ್ಯದವರು ಎಂ-1 ಟ್ರಿಗರಿಗೆ ಐದೂವರೆಯಿಂದ ಏಳೂವರೆ ಪೌಂಡಿನ, ಅಂದರೆ ಸುಮಾರು ಎರಡೂವರೆಯಿಂದ 3.4 ಕಿಲೋಗ್ರಾಂ ವರೆಗಿನ, ಎಳೆತವನ್ನು ಗೊತ್ತುಮಾಡಿದರು. ಭಾರವೆಂಬುದು ಇಲ್ಲಿ ತಯಾರಕನ ಅಲಕ್ಷ್ಯವಲ್ಲ, ಬೇಕೆಂದೇ ಇರಿಸಿದ ಕಾವಲು.

ಒಂದು ಮಿಲಿಮೀಟರಿನ ಬೆಲೆ

ಹಾಗೆಂದು ಗುರಿಗಾರನ ದೂರು ಸುಳ್ಳೆನ್ನುವಂತಿಲ್ಲ. ರೈಫಲಿನ ತೂಕವೇ ಸುಮಾರು 4.3 ಕಿಲೋಗ್ರಾಂ. ಅದನ್ನು ಅಲುಗದಂತೆ ಹಿಡಿದು, ಒಂದೇ ಬೆರಳಿನಿಂದ ಮೂರು ಕಿಲೋಗ್ರಾಂಗಳಷ್ಟು ಬಲ ಹಾಕಬೇಕು. ಎಂ-1 ರೈಫಲಿನ ಹಿಂದಿನ ಗುರಿನೋಟಕ್ಕೂ ಮುಂದಿನದಕ್ಕೂ ಸುಮಾರು 70 ಸೆಂಟಿಮೀಟರ್ ಅಂತರ. ಆ ಕ್ಷಣದಲ್ಲಿ ಮುಂದಿನ ಗುರಿನೋಟ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿಯಿತೆನ್ನಿ. 100 ಮೀಟರ್ ದೂರದಲ್ಲಿ ಗುಂಡು 14 ಸೆಂಟಿಮೀಟರ್ ತಪ್ಪುತ್ತದೆ. 200 ಮೀಟರಿನಲ್ಲಿ 28 ಸೆಂಟಿಮೀಟರ್.

ಆದರೆ ಅನುಭವಿಗಳು ಹೇಳುವ ಮಾತೊಂದಿದೆ: ಕೈಯನ್ನು ಕೆಡಿಸುವುದು ಭಾರಕ್ಕಿಂತಲೂ ಹೆಚ್ಚಾಗಿ ಕರಕರ. ಮರಳು ಸೇರಿದ ಬಿಜಾಗರಿಯ ಹಾಗೆ ಟ್ರಿಗರು ಒಮ್ಮೆ ಸರಿದು, ಒಮ್ಮೆ ತಡೆದು, ಮತ್ತೆ ಜಗ್ಗಿದರೆ ಗುಂಡು ಯಾವಾಗ ಹೊರಡುವುದೆಂದು ಬೆರಳಿಗೆ ತಿಳಿಯುವುದಿಲ್ಲ. ಮನುಷ್ಯ ತಾಳ್ಮೆಗೆಟ್ಟು ಒಮ್ಮೆಲೇ ಕೀಳುತ್ತಾನೆ. ಭಾರವಾಗಿದ್ದರೂ ನಯವಾಗಿ ಬರುವ ಎಳೆತಕ್ಕೆ ಬೆರಳು ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಕರಕರಕ್ಕೆ ಒಗ್ಗುವುದೇ ಇಲ್ಲ.

ಸುಧಾರಣೆಯ ಕ್ರಮ

ಕರಕರಕ್ಕೆ ಕಾರಣಗಳು ಎರಡು: ಒಂದು ಕೊಳೆ, ಇನ್ನೊಂದು ಲೋಹದ ಮೇಲೆ ಉಳಿದ ಕಡೆತದ ಗೀರುಗಳು. ಬಲ್ಲ ಆಯುಧ ದುರಸ್ತಿಗಾರ ಮೊದಲು ಅರವನ್ನು ಮುಟ್ಟುವುದಿಲ್ಲ. ಬಂದೂಕು ಖಾಲಿಯೆಂದು ಎರಡು ಸಲ ನೋಡಿ, ಟ್ರಿಗರಿನ ಭಾಗವನ್ನು ಬಿಚ್ಚಿ, ವರ್ಷಗಟ್ಟಲೆ ಒಣಗಿ ಗೋಂದಾದ ಗ್ರೀಸನ್ನೂ ಮದ್ದಿನ ಮಸಿಯನ್ನೂ ತೊಳೆಯುತ್ತಾನೆ. ಒಣಗಿಸಿ, ಉಜ್ಜುವ ಜಾಗಗಳಿಗೆ ಮಾತ್ರ ಹೊಸ ಗ್ರೀಸು ಹಚ್ಚುತ್ತಾನೆ. ಎಷ್ಟೋ ಬಂದೂಕುಗಳ ಕಾಯಿಲೆ ಅಲ್ಲಿಗೇ ವಾಸಿ. ಅನಂತರ ಸುಳ್ಳುತೋಟೆ ಹಾಕಿ ಕೆಲವು ನೂರು ಸಲ ಖಾಲಿ ಎಳೆತ ಎಳೆದರೆ ಮೇಲ್ಮೈಗಳು ತಮ್ಮಷ್ಟಕ್ಕೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಬೆರಳಿಗೂ ಅಭ್ಯಾಸವಾಗುತ್ತದೆ.

ಅದೂ ಸಾಲದಾದರೆ ಬೇರೆ ಬೇರೆ ಕುದುರೆ, ಟ್ರಿಗರುಗಳನ್ನು ಜೋಡಿಸಿ ನೋಡಿ, ಚೆನ್ನಾಗಿ ಹೊಂದುವ ಜೋಡಿಯನ್ನು ಆರಿಸಬೇಕು. 1953ರಿಂದ 1963ರ ವರೆಗೆ ಸ್ಪ್ರಿಂಗ್‌ಫೀಲ್ಡಿನಲ್ಲಿ ಸ್ಪರ್ಧೆಗಳಿಗಾಗಿಯೇ ಎಂ-1 ರೈಫಲುಗಳನ್ನು ಕೈಯಾರೆ ಹೊಂದಿಸಿ ಸಿದ್ಧಪಡಿಸುತ್ತಿದ್ದರು. ಅಂಥವುಗಳ ಟ್ರಿಗರಿಗೂ ನಾಲ್ಕೂವರೆ ಪೌಂಡಿನ ಕನಿಷ್ಠ ಮಿತಿ ಇತ್ತು. ಕಟ್ಟಕಡೆಗೆ ಬರುವುದು ಸಾಣೆಕಲ್ಲು. ಅದೂ ನಯವಾದ ಕಲ್ಲು, ಕೋನ ಬದಲಾಗದಂತೆ ಬಿಗಿಹಿಡಿವ ಚೌಕಟ್ಟಿನಲ್ಲಿ, ಗೀರುಗಳು ಮಾಸುವಷ್ಟು ಮಾತ್ರ.

ಇಲ್ಲಿ ಕಮ್ಮಾರನ ಕುಲುಮೆಯನ್ನು ಕಂಡವರಿಗೆ ಒಂದು ಮಾತು ಸುಲಭವಾಗಿ ಅರ್ಥವಾದೀತು. ಕತ್ತಿಯ ಬಾಯಿಗೆ ಹದ ಕೊಡುವಂತೆ, ಅನೇಕ ರೈಫಲುಗಳಲ್ಲಿ ಈ ಭಾಗಗಳ ಹೊರಮೈಗೆ ಮಾತ್ರ ಹದ ಕೊಟ್ಟು ಗಟ್ಟಿಗೊಳಿಸಿರುತ್ತಾರೆ. ಆ ಗಟ್ಟಿ ಪದರ ಬಲು ತೆಳು. ನಯ ಮಾಡುವ ಭರದಲ್ಲಿ ಅದನ್ನು ಉಜ್ಜಿ ಕಳೆದರೆ ಕೆಳಗಿನ ಮೆತ್ತನೆಯ ಉಕ್ಕು ಹೊರಬೀಳುತ್ತದೆ. ಮೊದಲ ದಿನ ಟ್ರಿಗರು ಬೆಣ್ಣೆಯ ಹಾಗೆ. ಆಮೇಲೆ ದಿನೇ ದಿನೇ ಸವೆತ. ಕೊನೆಗೊಂದು ದಿನ ಕೊಕ್ಕೆ ಹಿಡಿಯುವುದೇ ಇಲ್ಲ.

ಸ್ಪ್ರಿಂಗನ್ನು ಒಂದೆರಡು ಸುತ್ತು ಕತ್ತರಿಸುವುದು ಇನ್ನೊಂದು ಅಪಾಯಕಾರಿ ಸುಲಭೋಪಾಯ. ಎಂ-1 ರೈಫಲಿನಲ್ಲಿ ಕುದುರೆಯನ್ನು ದೂಡುವ ಸ್ಪ್ರಿಂಗೇ ಟ್ರಿಗರನ್ನೂ ಸ್ವಸ್ಥಾನಕ್ಕೆ ಮರಳಿಸುತ್ತದೆ. ಅದು ಸೊರಗಿದರೆ ಒಂದು ಕಡೆ ಪೆಟ್ಟು ಸಾಲದೆ ತೋಟೆ ಸಿಡಿಯದು. ಇನ್ನೊಂದು ಕಡೆ ಕೊಕ್ಕೆಗಳ ಹಿಡಿತವೂ ಸಡಿಲ.

ತಪ್ಪಿದರೆ ಏನಾದೀತು?

ಒಂಟಿನಳಿಗೆಯ ಕೋವಿಯಲ್ಲಿ ಟ್ರಿಗರು ಕೆಟ್ಟರೆ ಹೆಚ್ಚೆಂದರೆ ಒಂದು ಗುಂಡು ಅಕಾಲದಲ್ಲಿ ಹಾರೀತು. ಅದೇ ಸಾಕಷ್ಟು ಘೋರ. ಅರೆ ಸ್ವಯಂಚಾಲಿತ ರೈಫಲಿನಲ್ಲಿ ಹಾಗಲ್ಲ. ಬೋಲ್ಟು ತಾನಾಗಿಯೇ ಮುಂದಿನ ತೋಟೆಯನ್ನು ತುಂಬಿಬಿಡುತ್ತದೆ. ಕೊಕ್ಕೆ ಕುದುರೆಯನ್ನು ಹಿಡಿಯದೆ ಹೋದರೆ ಯಾರೂ ಎಳೆಯದ ಎರಡನೆಯ ಗುಂಡು ಹಾರಬಹುದು. ಮೊದಲನೆಯದರ ಒದೆತಕ್ಕೆ ನಳಿಗೆ ಮೇಲೆದ್ದಿರುವ ಆ ಹೊತ್ತಿನಲ್ಲಿ ಗುಂಡು ಎತ್ತ ಹೋದೀತೆಂದು ಹೇಳಬಲ್ಲವರಾರು? ಆದುದರಿಂದ ಕೆಲಸ ಮುಗಿದ ಮೇಲೆ ಖಾಲಿ ಬಂದೂಕಿನ ಬೋಲ್ಟನ್ನು ಮತ್ತೆ ಮತ್ತೆ ಎಳೆದು ಬಿಟ್ಟು, ಟ್ರಿಗರು ಒತ್ತಿ ಹಿಡಿದೂ ಬಿಟ್ಟೂ ನೋಡಿ, ಪ್ರತಿಸಲವೂ ಕೊಕ್ಕೆ ಹಿಡಿಯುತ್ತದೆಂದು ಖಚಿತಪಡಿಸಿಕೊಂಡು, ಕೊನೆಗೆ ತೂಕ ತೂಗಿಸಿ ನೋಡುವ ಪದ್ಧತಿಯಿದೆ.

ನಮ್ಮ ಮನೆಯಂಗಳಕ್ಕೆ ಬಂದರೆ

1962ರ ಯುದ್ಧದ ಅನಂತರ ಭಾರತೀಯ ಸೈನಿಕರ ಕೈಗೆ ಬಂದ, ಬಂಗಾಳದ ಇಶಾಪುರದಲ್ಲಿ ತಯಾರಾದ ಎಸ್.ಎಲ್.ಆರ್. ಕೂಡ ಅರೆ ಸ್ವಯಂಚಾಲಿತ ರೈಫಲೇ. 1990ರ ದಶಕದಲ್ಲಿ ಇನ್ಸಾಸ್ ಬರುವ ತನಕ ಸೈನ್ಯದ ಮುಖ್ಯ ರೈಫಲು ಅದೇ ಆಗಿತ್ತು. ನಮ್ಮ ಊರುಗಳ ನಿವೃತ್ತ ಸೈನಿಕರನ್ನು ಕೇಳಿದರೆ ಅದರ ಟ್ರಿಗರಿನ ಬಿಗಿಯ ಕಥೆ ಹೇಳಿಯಾರು. ಸಾಮಾನ್ಯ ನಾಗರಿಕರಿಗೆ ಇಂಥ ರೈಫಲು ಸಿಗುವುದಿಲ್ಲ. 2016ರ ಆಯುಧ ನಿಯಮಗಳಲ್ಲಿ ಅದು ನಿರ್ಬಂಧಿತ ವರ್ಗಕ್ಕೆ ಸೇರಿದೆ. ಕೃಷಿಕರ ಪರವಾನಗಿಯ ಕೋವಿಗಾದರೂ ನೀತಿ ಒಂದೇ: ಶುಚಿಯಾಗಿಡುವುದು ಯಜಮಾನನ ಕೆಲಸ, ಒಳಗಿನ ರಿಪೇರಿ ಪರವಾನಗಿ ಪಡೆದ ಬಂದೂಕು ಕೆಲಸಗಾರನದು. 1959ರ ಆಯುಧ ಕಾಯಿದೆಯಂತೆ ಬಂದೂಕು ರಿಪೇರಿಯ ಕಸುಬಿಗೂ ಪರವಾನಗಿ ಬೇಕು. ಪಕ್ಕದ ಮನೆಯ ಜಾಣ ಮೆಕ್ಯಾನಿಕನು ಪಂಪುಸೆಟ್ಟನ್ನು ಸರಿಮಾಡಲಿ. ಕೋವಿಯನ್ನು ಅವನ ಕೈಗೆ ಕೊಡುವುದು ಬೇಡ.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ 10 ಮೀಟರ್ ಏರ್ ಪಿಸ್ತೂಲಿಗೂ ಟ್ರಿಗರಿನ ತೂಕ ಕನಿಷ್ಠ 500 ಗ್ರಾಂ ಇರಬೇಕೆಂಬ ನಿಯಮವಿದೆ. ಸಣ್ಣ ಸೀಸದ ಗುಳಿಗೆ ಹಾರಿಸುವ ಕ್ರೀಡಾಯುಧಕ್ಕೆ ಅರ್ಧ ಕಿಲೋ. ಸೈನಿಕ ರೈಫಲಿಗೆ ಎರಡು ಕಿಲೋ. ಅಂಕೆಗಳು ಬೇರೆಯಾದರೂ ತತ್ತ್ವ ಒಂದೇ. ಕರಕರವನ್ನು ಕಳೆಯಿರಿ, ಅದರಿಂದ ಯಾರಿಗೂ ಕೇಡಿಲ್ಲ. ಭಾರವನ್ನು ಇಳಿಸುವ ಮುಂಚೆ ಮಾತ್ರ, ಅದು ಯಾರ ಪ್ರಾಣವನ್ನು ಕಾಯುತ್ತಿದೆಯೆಂದು ಒಮ್ಮೆ ಯೋಚಿಸಬೇಕು.