ಪಡಸಾಲೆಯಲ್ಲಿ ಇಪ್ಪತ್ತೆರಡು ಕುದುರೆ

ಕೊಟ್ಟೂರಿನ ನಮ್ಮನೆ ಪಡಸಾಲೆಯಲ್ಲಿ ಈಗ ಇಪ್ಪತ್ತೆರಡು ಕುದುರೆಗಳಿವೆ. ಹುರುಳಿ ಕೇಳುವುದಿಲ್ಲ, ಲದ್ದಿ ಹಾಕುವುದಿಲ್ಲ. ಒಂದೊಂದೂ ನನ್ನ ಹೆಬ್ಬೆರಳಿನಷ್ಟು ಎತ್ತರ. ಬೆಂಗಳೂರಿನ ಪೀಜಿಯಲ್ಲಿ ಇಡೋಕೆ ಜಾಗ ಇಲ್ಲ ಅಂತ ಹಬ್ಬಕ್ಕೆ ಬಂದಾಗ ತಂದು ಗೋಡೆಗೂಡಿನಲ್ಲಿ ಸಾಲಾಗಿ ಇಟ್ಟೆ. ತಾತ ಒಂದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿ, "ಏನ್ ಬೇ ಇದು, ಕುದ್ರಿ ಹಿಂಗ ಓಡಂಗಿಲ್ಲಲ್ಲ" ಅಂದ.

ನಮ್ಮ ತಾತ ಜಟಕಾ ಹೊಡೆದವನು. ಕೊಟ್ಟೂರು ಸ್ಟೇಷನ್ನಿನಿಂದ ಪೇಟೆಗೆ, ಗುರುಬಸವೇಶ್ವರನ ತೇರಿಗೆ ಬರುವ ಜನಕ್ಕೆ, ಮದುವೆ ದಿಬ್ಬಣಕ್ಕೆ. ಆಟೋಗಳು ಬಂದ ಮೇಲೆ ಕುದುರೆ ಮಾರಿದ. ಆಮೇಲೆ ಕುದುರೆಯ ಮಾತನ್ನೇ ಎತ್ತುತ್ತಿರಲಿಲ್ಲ ಅಂತ ಅಮ್ಮ ಹೇಳ್ತಾಳೆ. ಆ ದಿನ ಒಂದು ರೆಸಿನ್ ಗೊಂಬೆಯನ್ನು ಬೈಯುವ ನೆಪದಲ್ಲಿ ಅರ್ಧ ಗಂಟೆ ಮಾತಾಡಿದ.

ಮೊದಲು ಆಟದ ವಿಷಯ ಹೇಳಿಬಿಡ್ತೀನಿ, ಇಲ್ಲಾಂದ್ರೆ ನಾನೇನೋ ಬೊಂಬೆ ಹಬ್ಬ ಮಾಡ್ತಿದೀನಿ ಅಂದ್ಕೊಳ್ತೀರಿ.

ಇದು ಟೇಬಲ್‌ಟಾಪ್ ವಾರ್‌ಗೇಮ್. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು. ಚೆಸ್ ಥರ ಮನೆಗಳಿಲ್ಲ. ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಸೈನ್ಯ ನಡೆಸಬೇಕು. ಹೊಡೆತ ಬಿತ್ತೋ ಇಲ್ಲವೋ ಅನ್ನೋದನ್ನು ದಾಳ ಹೇಳುತ್ತೆ. ಇಂಗ್ಲೆಂಡಿನ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲೇ 'ಲಿಟಲ್ ವಾರ್ಸ್' ಅಂತ ಇದಕ್ಕೊಂದು ನಿಯಮದ ಪುಸ್ತಕ ಬರೆದಿದ್ದ. 1983ರಲ್ಲಿ ವಾರ್‌ಹ್ಯಾಮರ್ ಬಂದ ಮೇಲೆ ದೆವ್ವ, ಡ್ರ್ಯಾಗನ್, ಮಾಂತ್ರಿಕರೆಲ್ಲ ಸೇರಿಕೊಂಡರು. ನಾನು ಆಡೋದು ಕಿಂಗ್ಸ್ ಆಫ್ ವಾರ್. ಕಾರಣ ಸರಳ: ಯಾವ ಕಂಪನಿಯ ಗೊಂಬೆ ತಂದರೂ ಈ ಆಟದಲ್ಲಿ ನಡೆಯುತ್ತೆ. ಹೊರದೇಶದಿಂದ ಡಬ್ಬಿ ತರಿಸಿ, ಅದರ ಮೇಲೆ ಕಸ್ಟಮ್ಸ್ ಕಟ್ಟಿ, ಆಮೇಲೆ ಇಎಂಐ ಮೆಸೇಜು ನೋಡಿ ಹೊಟ್ಟೆ ಉರಿಸಿಕೊಳ್ಳೋದು ಬೇಡ. ನನ್ನ ಕುದುರೆಗಳೆಲ್ಲ ಫೈಲ್ ಕೊಂಡು ರೆಸಿನ್ ಪ್ರಿಂಟರಿನಲ್ಲಿ ತೆಗೆಸಿದವು. (ಮನೆಯಲ್ಲೇ ಪ್ರಿಂಟ್ ಮಾಡೋರು ಗ್ಲೌಸ್ ಹಾಕಿಕೊಳ್ಳಿ, ಕಿಟಕಿ ತೆಗೆದಿಡಿ. ಹಸಿ ರೆಸಿನ್ ಚರ್ಮಕ್ಕೆ ಒಳ್ಳೆಯದಲ್ಲ, ವಾಸನೆಯಂತೂ ಕೇಳಲೇಬೇಡಿ.)

ಎಲ್ಲ ಬಿಟ್ಟು ಕುದುರೆ ಸೈನ್ಯವೇ ಯಾಕೆ? ಹಂಪಿಯ ಹಜಾರರಾಮ ದೇವಸ್ಥಾನದ ಹೊರಗೋಡೆ ನೋಡಿದ್ದೀರಲ್ಲ. ಆನೆ ಒಂದು ಸಾಲು, ಕುದುರೆ ಒಂದು ಸಾಲು, ಸೈನಿಕರು ಒಂದು ಸಾಲು, ಕುಣಿಯುವವರು ಒಂದು ಸಾಲು. ಸ್ಕೂಲ್ ಟ್ರಿಪ್‌ನಲ್ಲಿ ಮೇಷ್ಟ್ರು ಮುಂದಕ್ಕೆ ಹೋದ್ರೂ ನಾನು ಕುದುರೆ ಸಾಲಿನ ಹತ್ತಿರವೇ ನಿಂತು ಬೈಸಿಕೊಂಡಿದ್ದೆ. ಅದಷ್ಟೇ ಕಾರಣ, ಬೇರೆ ದೊಡ್ಡದೇನಿಲ್ಲ.

ಆದ್ರೆ ಓದುತ್ತಾ ಹೋದಂಗೆ ಒಂದು ವಿಷಯ ತಲೆಗೆ ಹತ್ತಿತು. ವಿಜಯನಗರಕ್ಕೆ ಕುದುರೆ ಅನ್ನೋದು ನಮಗೆ ಈಗ ಪೆಟ್ರೋಲ್ ಇದ್ದಂಗೆ. ಒಳ್ಳೆಯ ಯುದ್ಧದ ಕುದುರೆ ಬರಬೇಕಾದ್ದು ಅರಬ್ಬಿ ಸಮುದ್ರದ ಆಚೆಯಿಂದ, ಹೊರ್ಮುಜ್ ಕಡೆಯಿಂದ, ಭಟ್ಕಳ, ಗೋವಾ ಬಂದರುಗಳ ಮೂಲಕ. ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು ಅಂತ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಹೊರ್ಮುಜಿನವು, ನಾಡತಳಿಯವು ಎಲ್ಲ ಸೇರಿ. ಅವನೇ ಹೇಳುವ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಸಾಳುವ ನರಸಿಂಹ ಕುದುರೆಗಳನ್ನು ಸಾವಿರ ಪರ್ದಾವ್‌ಗೆ ಮೂರರಂತೆ, ಬದುಕಿದ್ದರೂ ಸರಿ ಸತ್ತಿದ್ದರೂ ಸರಿ, ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲೇ ಸತ್ತರೆ ಬಾಲ ತಂದು ತೋರಿಸಿದರೆ ಸಾಕು, ದುಡ್ಡು ಪೂರ್ತಿ. ಬಾಲಕ್ಕೂ ಬಿಲ್ ಪಾಸ್ ಮಾಡಿದ ರಾಜ! ಮೂರ್ಖತನ ಅನ್ನಿಸುತ್ತೆ, ಆದ್ರೆ ಯೋಚನೆ ಮಾಡಿ: ನಷ್ಟ ನಮ್ಮ ತಲೆ ಮೇಲೆ ಬರಲ್ಲ ಅಂತ ಗೊತ್ತಾದ ವ್ಯಾಪಾರಿ ಮುಂದಿನ ಸಲ ಕುದುರೆ ತುಂಬಿದ ಹಡಗನ್ನು ಇನ್ಯಾರ ಕಡೆಗೆ ತಿರುಗಿಸ್ತಾನೆ?

ಆಟದಲ್ಲೂ ಇದೇ ಕಥೆ. ಪ್ರತಿ ದಳಕ್ಕೂ ಪಾಯಿಂಟ್ ಬೆಲೆ ಇದೆ. ಒಂದು ಭಾರೀ ಕುದುರೆ ದಳದ ಪಾಯಿಂಟಿನಲ್ಲಿ ಹೆಚ್ಚುಕಮ್ಮಿ ಎರಡು ಕಾಲಾಳು ದಳ ಬರುತ್ತೆ. ಬರೀ ಕುದುರೆ ತಗೊಂಡ್ರೆ ಮೇಜಿನ ಮೇಲೆ ನಿಮ್ಮ ಕಡೆ ಬಯಲು ಬಯಲು. ಅದಕ್ಕೇ ನನ್ನ ಪಟ್ಟಿ ಹೀಗಿದೆ: ಈಟಿ ಹಿಡಿದ ಎರಡು ದೊಡ್ಡ ಕುದುರೆ ದಳ, ಐದು ಹಗುರ ಕುದುರೆಯ ಒಂದು ತುಕಡಿ, ಕುದುರೆ ಮೇಲೊಬ್ಬ ನಾಯಕ, ಜೊತೆಗೆ ನಡುವೆ ಕಾಲೂರಿ ನಿಲ್ಲೋಕೆ ಕಾಲಾಳುಗಳ ಒಂದು ದಳ. ದೊಡ್ಡ ದಳ ಅಂದ್ರೆ ಲೆಕ್ಕಕ್ಕೆ ಹತ್ತು ಕುದುರೆ, 125 ಮಿ.ಮೀ. ಅಗಲ, 100 ಮಿ.ಮೀ. ಉದ್ದದ ಹಲಗೆ ಮೇಲೆ. ಆದ್ರೆ ಹತ್ತಕ್ಕೆ ಹತ್ತು ಅಂಟಿಸಲೇಬೇಕು ಅಂತಿಲ್ಲ. ನಾನು ಎಂಟೆಂಟು ಅಂಟಿಸಿದೀನಿ. ನಡುವೆ ಜಾಗ ಇದ್ರೆ ಕುದುರೆ ಕುದುರೆ ಥರ ಕಾಣುತ್ತೆ, ಸಂತೆಯ ಲಾರಿಗೆ ತುಂಬಿದ ಕುರಿ ಥರ ಅಲ್ಲ.

ಭಂಡಾರದ ಹಳದಿ

ನಮ್ಮ ಮನೆದೇವರು ಮೈಲಾರಲಿಂಗ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಗೆ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯೋದನ್ನು ಈ ಕಡೆಯ ಓದುಗರಿಗೆ ಹೇಳಬೇಕಿಲ್ಲ. ಬಿಳಿ ಕುದುರೆ ಏರಿದ ಮೈಲಾರ, ಮಣಿಕಾಸುರ ಮಲ್ಲಾಸುರರ ಮೇಲೆ ದಂಡು, "ಏಳುಕೋಟಿ" ಅನ್ನೋ ಕೂಗು. ಫ್ಯಾಂಟಸಿ ಸೈನ್ಯಕ್ಕೆ ಇದಕ್ಕಿಂತ ಬೇರೆ ಕಥೆ ಬೇಕಾ? ನನ್ನ ಸೇನಾಪತಿ ಅವನೇ ಅಂತ ತೀರ್ಮಾನ ಮಾಡಿ, ಗೊಂಬೆಗೆ ಪ್ರೈಮರ್ ಕೂಡ ಹೊಡೆದಾಗಿತ್ತು.

ಅಮ್ಮನಿಗೆ ಫೋನಿನಲ್ಲಿ ಖುಷಿಯಿಂದ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು: "ಆಟದಾಗ ಅವ್ನು ಸಾಯಂಗಿಲ್ಲೇನು?"

ಸಾಯ್ತಾನೆ. ಹೊಡೆತ ಕೂಡಿಸಿ ದಾಳ ಹಾಕಿ, ಅಂಕಿ ಹೆಚ್ಚು ಬಂದ್ರೆ ಮೇಜಿನಿಂದ ಎತ್ತಿ ಡಬ್ಬಿಗೆ ಹಾಕೋದೇ.

"ಮನಿದೇವ್ರನ್ನ ದಾಳ ಹಾಕಿ ಸಾಯಿಸ್ತೀಯೇನ್ ಬೇ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇದು ಬರೀ ಪ್ಲಾಸ್ಟಿಕ್ಕು, ಅದು ಬೇರೆ ಇದು ಬೇರೆ ಅಂತೆಲ್ಲ ವಾದ ಮಾಡಬಹುದಿತ್ತು. ಆದ್ರೆ ಪ್ರತಿ ವರ್ಷ ಜಾತ್ರೆಯಲ್ಲಿ ಹಣೆಗೆ ಭಂಡಾರ ಹಚ್ಚಿಸಿಕೊಂಡು ಬಂದವಳು ನಾನೇ. ಆ ಗೊಂಬೆಯ ಬಣ್ಣ ಕಳಚಿ, ಹೆಸರಿಲ್ಲದ ಒಬ್ಬ ಪಾಳೇಗಾರನನ್ನು ಕೂರಿಸಿದೆ. ಹಳದಿ ಮಾತ್ರ ಬಿಡಲಿಲ್ಲ. ಎಲ್ಲ ಸವಾರರ ಪೇಟ, ಕುದುರೆ ಬೆನ್ನಿನ ಜೂಲು, ಬಾವುಟ ಎಲ್ಲ ಭಂಡಾರದ ಬಣ್ಣ. ಮೊದಲ ದಳದ ಫೋಟೊ ಕಳಿಸಿದಾಗ ಅಮ್ಮನ ರಿಪ್ಲೈ: "ಇದು ನಿಂಬಿಹಣ್ಣಿನ ಹಳದಿ. ಅರಿಶಿಣ ನೋಡಿಲ್ಲೇನು?" ಮೇಲೆ ತೆಳ್ಳಗೆ ಕಂದು ವಾಶ್ ಹರಿಸಿದ ಮೇಲೆ ಒಪ್ಪಿದಳು. ಹಳದಿ ಬಳಿಯೋರಿಗೆ ಒಂದು ಮಾತು: ಕಪ್ಪು ಪ್ರೈಮರ್ ಮೇಲೆ ನೇರ ಹಳದಿ ಹಚ್ಚಬೇಡಿ, ಆರು ಕೋಟಿಂಗ್ ಆದ್ರೂ ಮೇಲೆ ಬರಲ್ಲ. ಮೊದಲು ಬಿಳಿ ಅಥವಾ ತಿಳಿ ಕಂದು ಹಚ್ಚಿ.

ನೆಲಕ್ಕೆ ಅಂಗಡಿಯ ಮರಳು ಬೇಡ. ಕೂಡ್ಲಿಗಿ ರಸ್ತೆಯ ಬದಿಯ ಕೆಂಪು ಮಣ್ಣನ್ನು ಜರಡಿ ಹಿಡಿದು ಫೆವಿಕಾಲ್ ಮೇಲೆ ಉದುರಿಸಿದೆ. ಕೂಡ್ಲಿಗಿ ಸೀಮೆಯ ಬಂಡೆಗುಡ್ಡಗಳಿಗೆ ಬೆಣಚುಕಲ್ಲಿನ ಚೂರು ಸಾಕು.

ತಾತ ತೆಗೆದ ತಪ್ಪು

ಈಗ ತಾತನ ಬೈಗುಳಕ್ಕೆ ಬರೋಣ. ನಾನು ಕೊಂಡ ಮೊದಲ ಫೈಲಿನಲ್ಲಿ ಕುದುರೆ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಪೂರ್ತಿ ಚಾಚಿ ಗಾಳಿಯಲ್ಲಿ ಹಾರ್ತಾ ಇತ್ತು. ಹಳೆಯ ಚಿತ್ರಗಳಲ್ಲಿ ಇರುತ್ತಲ್ಲ, ಹಾಗೆ. ತಾತನ ಪ್ರಕಾರ ನಾಗಾಲೋಟದಲ್ಲಿ ಕುದುರೆಯ ನಾಲ್ಕೂ ಕಾಲು ನೆಲ ಬಿಡೋದು ನಿಜ, ಆದ್ರೆ ಕಾಲುಗಳನ್ನೆಲ್ಲ ಹೊಟ್ಟೆ ಕೆಳಗೆ ಮಡಚಿಕೊಂಡಾಗ. "ಚಾಚಿದಾಗ ಒಂದಾದ್ರೂ ನೆಲದಾಗ ಇರ್ತತಿ. ಇಲ್ಲಾಂದ್ರ ಮುಗ್ಗರಿಸ್ತತಿ." ಕೈ ನಾಲ್ಕು ಬೆರಳಲ್ಲಿ ಮಂಚದ ಮೇಲೆ ಓಡಿಸಿ ತೋರಿಸಿದ. ಇದೇ ವಿಷಯಕ್ಕೆ ಮೈಬ್ರಿಜ್ ಅನ್ನೋ ಫೋಟೊಗ್ರಾಫರ್ 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾ ಜೋಡಿಸಿ ಓಡುವ ಕುದುರೆಯ ಚಿತ್ರ ತೆಗೆದ. ಅಲ್ಲಿಯವರೆಗೆ ಎಷ್ಟೋ ದೊಡ್ಡ ಚಿತ್ರಕಾರರು ತಪ್ಪಾಗಿಯೇ ಬರೆದಿದ್ದರು. ಮೊಬೈಲಿನಲ್ಲಿ ಆ ಫೋಟೊ ತೋರಿಸಿದೆ. ತಾತನಿಗೆ ಅದರಲ್ಲಿ ಆಶ್ಚರ್ಯದ್ದೇನೂ ಕಾಣಲಿಲ್ಲ. "ಹೂಂ, ಹಂಗ" ಅಂದ, ಅಷ್ಟೇ.

ಬಣ್ಣದ ಪಾಠವೂ ಆಯಿತು. ನಾನು ಎಲ್ಲ ಕುದುರೆಗೂ ಒಂದೇ ಕಂದು ಬಳಿದಿದ್ದೆ. "ದಂಡಿನಾಗ ಒಂದಾರ ಪಂಚಕಲ್ಯಾಣಿ ಇರ್ಲಿ" ಅಂದ. ನಾಲ್ಕು ಪಾದ, ಹಣೆ, ಐದೂ ಬಿಳಿ. ನಾಯಕನ ಕುದುರೆ ಈಗ ಪಂಚಕಲ್ಯಾಣಿ.

ಹದಿನಾರು ಇಂಚು

ಆಟದ ಗುಟ್ಟೆಲ್ಲ ಎರಡು ಅಂಕಿಯಲ್ಲಿದೆ. ದಳಗಳು ತಮ್ಮ ವೇಗದ ಎರಡರಷ್ಟು ದೂರಕ್ಕೆ ದಾಳಿ ಮಾಡಬಹುದು. ಕಾಲಾಳಿನ ವೇಗ ಸಾಮಾನ್ಯವಾಗಿ 5, ಅಂದ್ರೆ 10 ಇಂಚು. ನನ್ನ ಕುದುರೆಗಳದ್ದು 8, ಅಂದ್ರೆ 16. ನಡುವಿನ ಆ ಆರು ಇಂಚಿನ ಪಟ್ಟಿಯೇ ನನ್ನ ಆಸ್ತಿ. ಅಲ್ಲಿ ನಿಂತರೆ ನಾನು ಹೊಡೆಯಬಹುದು, ಅವರು ನನ್ನನ್ನು ಮುಟ್ಟಲಾರರು. ಪಕ್ಕದಿಂದ ನುಗ್ಗಿದರೆ ಹೊಡೆತ ಎರಡರಷ್ಟು, ಹಿಂದಿನಿಂದ ಮೂರರಷ್ಟು. ಎದುರಿನಿಂದ ಉದ್ದೀಟಿಯವರ ಮೇಲೆ ಬಿದ್ದರೆ ಕುದುರೆಯ ನುಗ್ಗಾಟದ ಬಲವೇ ಹೋಗುತ್ತೆ.

ಇದೆಲ್ಲ ಗೊತ್ತಿದ್ದೂ ಮೊದಲ ಆಟದಲ್ಲಿ ಹೀನಾಯವಾಗಿ ಸೋತೆ. ಎದುರಾಳಿ ನಮ್ಮ ಟೀಮಿನ ಹುಡುಗ, ಚಿತ್ರದುರ್ಗದವನು. ಮೊದಲ ಸರದಿಯಲ್ಲೇ ಎಲ್ಲ ಕುದುರೆಯನ್ನೂ ಮುಂದಕ್ಕೆ ಓಡಿಸಿದೆ, ನೋಡೋಕೆ ಚೆನ್ನಾಗಿತ್ತು. ನಿಂತದ್ದು ಅವನ ಹತ್ತು ಇಂಚಿನೊಳಗೆ. ಒಂದು ದಳ ಅಲ್ಲೇ ಹೋಯಿತು. ಇನ್ನೊಂದರ ಮುಂದೆ ಅವನು ಒಂದು ಬಡಪಾಯಿ ತುಕಡಿಯನ್ನು ಎರೆ ಹುಳುವಿನಂತೆ ಬಿಟ್ಟ. ನುಗ್ಗಿ ಅದನ್ನು ಪುಡಿ ಮಾಡಿದೆ. ತಲೆ ಎತ್ತಿ ನೋಡಿದ್ರೆ ಮುಂದೆ ಈಟಿ, ಪಕ್ಕದಲ್ಲಿ ಆನೆ. ಮುಗೀತು.

ಸೋತ ಕಥೆಯನ್ನು ತಾತನಿಗೆ ಹೇಳಿದೆ. ಅವನು ಸ್ಟೇಷನ್ ಕಥೆ ಹೇಳಿದ. ರೈಲು ಬಂದ ಕೂಡಲೇ ಜಟಕಾದವರೆಲ್ಲ ಗೇಟಿನ ಬಾಯಿಗೇ ನುಗ್ಗುತ್ತಿದ್ದರಂತೆ. ಒಂದಕ್ಕೊಂದು ಗಾಲಿ ಸಿಕ್ಕಿ, ಜಗಳ. ಇವನು ಮಾತ್ರ ತಿರುವಿನ ಹುಣಸೆಮರದ ಕೆಳಗೆ ನಿಲ್ಲುತ್ತಿದ್ದ. ಟ್ರಂಕು, ಮಕ್ಕಳು, ಮುದುಕರು ಇದ್ದವರು ಗದ್ದಲ ದಾಟಿ ನಿಧಾನಕ್ಕೆ ಹೊರಗೆ ಬರೋರು. ಒಳ್ಳೆಯ ಬಾಡಿಗೆ ಅವರದ್ದೇ. "ಕುದ್ರಿ ಓಡ್ಸೋದು ಯಾರಿಗಾರ ಬರ್ತತಿ. ನಿಲ್ಸೋದು ಕಲೀಬೇಕು."

ದುರ್ಗದವನು ರಜಕ್ಕೆ ಕೊಟ್ಟೂರಿಗೇ ಬಂದ. ಪಡಸಾಲೆಯಲ್ಲಿ ಪ್ಲೈವುಡ್, ಮೇಲೆ ಕಂಬಳಿ, ಕಂಬಳಿ ಮೇಲೆ ಬೆಣಚುಕಲ್ಲು. ಅಮ್ಮ ಮಂಡಕ್ಕಿ ಮಿರ್ಚಿ ತಂದಿಟ್ಟಳು, ಎಣ್ಣೆಕೈಲಿ ಗೊಂಬೆ ಮುಟ್ಟಬಾರದು ಅಂತ ನಾನೇ ಕಾನೂನು ಮಾಡಿದೆ. ಆಟಕ್ಕೆ ಹೆಸರು ಮಾಯಕೊಂಡ. 1748ರ ಮಾಯಕೊಂಡ ಕದನದಲ್ಲಿ ದುರ್ಗದ ಹಿರೇ ಮದಕರಿ ನಾಯಕ ಆನೆಯ ಮೇಲಿದ್ದಾಗಲೇ ಸುತ್ತುವರಿದವರ ಕೈಯಲ್ಲಿ ಹತನಾದ. ಎದುರು ಪಕ್ಷದಲ್ಲಿ ಹರಪನಹಳ್ಳಿಯ ಸೋಮಶೇಖರ ನಾಯಕನಿದ್ದ. ಅಮ್ಮನ ತವರು ಹರಪನಹಳ್ಳಿ, ಹಾಗಾಗಿ ನಾನು ಆ ಕಡೆ. ಸೋತವರ ಕಡೆಯವನು ಅಂತ ಅವನ ಮುಖ ಮೊದಲೇ ಬಿಗಿದಿತ್ತು.

ಈ ಸಲ ನಾನು ಓಡಲಿಲ್ಲ. ಎರಡೂ ದೊಡ್ಡ ದಳವನ್ನು ಹದಿನಾಲ್ಕು ಇಂಚಿನಲ್ಲಿ ನಿಲ್ಲಿಸಿದೆ. ಐದು ಹಗುರ ಕುದುರೆಯನ್ನು ಬಂಡೆಗಳ ಬಳಸಿ ಎಡಕ್ಕೆ ಕಳಿಸಿದೆ. ಅವನು ಎರೆ ಬಿಟ್ಟ, ನಾನು ತಿನ್ನಲಿಲ್ಲ. ಮೂರನೇ ಸರದಿಗೆ ಅವನಿಗೆ ತಲೆಬಿಸಿ ಶುರುವಾಯಿತು. ಎಡಕ್ಕೆ ಹೋದ ಐದು ಕುದುರೆ ಹಿಂದೆ ಬಂದುಬಿಟ್ರೆ ಅಂತ ಆನೆಯನ್ನು ಆ ಕಡೆ ತಿರುಗಿಸಿದ. ತಿರುಗಿಸಿದ್ದೇ ತಡ, ಅದರ ಪಕ್ಕೆ ಪೂರ್ತಿ ನನ್ನ ದೊಡ್ಡ ದಳದ ಎದುರಿಗೆ ಬಂತು. ಅಳೆದೆ. ಹದಿನೈದೂವರೆ ಇಂಚು.

ನುಗ್ಗಿದೆ. ಹೊಡೆತ ಎರಡರಷ್ಟು. ದಾಳ ಹಿಡಿಯೋಕೆ ಕೈ ಸಾಲದೆ ಎರಡು ಸಲ ಹಾಕಿದೆ. ಬಿದ್ದ ಪೆಟ್ಟು ಎಷ್ಟೆಂದರೆ, ಕೊನೆಯ ಎರಡು ದಾಳದಲ್ಲಿ ಏನು ಬಂದ್ರೂ ಆನೆ ಹೋದಂತೆ. ಒಂದೇ ಒಂದು ಬಿಟ್ಟು: ಎರಡೂ ದಾಳ ಒಂದು ಬಿದ್ದರೆ ಎಂಥ ಪೆಟ್ಟು ತಿಂದ ದಳವೂ ಜಗ್ಗದೆ ನಿಲ್ಲುತ್ತೆ. ಮೂವತ್ತಾರರಲ್ಲಿ ಒಂದು ಸಲ ಬರುವಂಥದ್ದು.

ಎರಡೂ ಒಂದೇ ಬಿತ್ತು.

ದುರ್ಗದವನು ಕುರ್ಚಿ ಬಿಟ್ಟು ಎದ್ದು ಕೂಗಿದ ಕೂಗಿಗೆ ಬೀದಿಯ ಹುಡುಗರು ಬಾಗಿಲಿಗೆ ಬಂದರು. ಅವನ ಸರದಿಯಲ್ಲಿ ಆನೆ ತಿರುಗಿ ಬಿತ್ತು, ನನ್ನ ಒಂದು ದಳ ಚದುರಿತು. ಪಂಚಕಲ್ಯಾಣಿ ನಾಯಕನೂ ಉಳಿಯಲಿಲ್ಲ. ಅಮ್ಮ ಅಡುಗೆಮನೆ ಬಾಗಿಲಿನಿಂದ ನೋಡ್ತಿದ್ದಳು, ನಾನು ಅವಳ ಕಡೆ ತಿರುಗಲಿಲ್ಲ. ಕೊನೆಗೆ ನಡುವಿನ ಗುರುತಿನ ಮೇಲೆ ನನ್ನ ಕಾಲಾಳುಗಳು ಅಂಟಿಕೊಂಡು ನಿಂತಿದ್ದಕ್ಕೆ ಆಟ ಡ್ರಾ ಆಯಿತು. ಇಪ್ಪತ್ತೆರಡು ಕುದುರೆ ಕಟ್ಟಿದವಳ ಮಾನ ಕಾಲಾಳುಗಳು ಉಳಿಸಿದರು.

ತಾತ ಮಂಚದ ಮೇಲೆ ಕೂತು ಎಲ್ಲ ನೋಡಿದ. ಯಾರು ಗೆದ್ದರು ಅಂತ ಕೇಳಲಿಲ್ಲ. ಗೊಂಬೆಗಳನ್ನು ಡಬ್ಬಿಗೆ ಹಾಕುವಾಗ ಮಾತ್ರ, "ಎಲ್ಲಾ ದಂಡಿನ ಕುದ್ರೀನ ಆದ್ವು. ಜಟಕಾದ್ದು ಒಂದಿಲ್ಲ" ಅಂದ.

ಜಟಕಾದ ಫೈಲ್ ಎಲ್ಲೂ ಸಿಗಲಿಲ್ಲ, ನಾನೇ ಕಂಪ್ಯೂಟರಿನಲ್ಲಿ ಕೂತು ಮಾಡ್ತಿದೀನಿ. ಕಮಾನು, ಚಾವಣಿ, ಕೂರುವ ಹುಲ್ಲಿನ ಮೆತ್ತೆ ಆಗಿದೆ. ಗಾಲಿಗೆ ಕಡ್ಡಿ ಎಷ್ಟಿದ್ದವು ಅಂತ ನಿನ್ನೆ ವಿಡಿಯೋ ಕಾಲ್‌ನಲ್ಲಿ ತಾತನನ್ನು ಕೇಳಿದೆ. ಹನ್ನೆರಡು ಅಂದ. ಆಮೇಲೆ ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳು ಸುತ್ತುತ್ತಾ ಮತ್ತೆ ಮೊದಲಿನಿಂದ ಎಣಿಸೋಕೆ ಶುರು ಮಾಡಿದ.