ಕರಗದ ನಾಡಿನ ಕಾಲ್ನಡಿಗೆ

ಕೆನಡಾ ದೇಶದ ಉತ್ತರದಂಚಿನ ಬಾಫಿನ್ ದ್ವೀಪದಲ್ಲಿ ಒಂದು ರಾಷ್ಟ್ರೀಯ ಉದ್ಯಾನವಿದೆ. ಹೆಸರು ಔಯುಯಿತ್ತುಕ್. ಅಲ್ಲಿಯ ಮೂಲನಿವಾಸಿಗಳಾದ ಇನುಯಿಟ್ ಜನರ ಇನುಕ್ತಿತುತ್ ನುಡಿಯಲ್ಲಿ ಅದಕ್ಕೆ ‘ಎಂದೂ ಕರಗದ ನೆಲ’ ಎಂದು ಅರ್ಥ. ಬೇಸಿಗೆಯ ಕೆಲವೇ ವಾರಗಳಲ್ಲಿ ಈ ನೆಲವನ್ನು ಕಾಲ್ನಡಿಗೆಯಿಂದ ದಾಟಲು ದೂರದೇಶಗಳಿಂದ ಚಾರಣಿಗರು ಬರುತ್ತಾರೆ. ಅವರನ್ನು ಅಲ್ಲಿ ಹೆಚ್ಚು ಕಾಡುವುದು ಚಳಿಯಲ್ಲ, ಹಿಮಕರಡಿಯೂ ಅಲ್ಲ, ಕರಗಿದ ನೀರು.

ದಾರಿಯ ಹೆಸರು ಅಕ್ಷಯುಕ್ ಕಣಿವೆ. ಮೊದಲು ಇದನ್ನು ಪಾಂಗ್ನಿರ್ಟುಂಗ್ ಕಣಿವೆ ಎಂದು ಕರೆಯುತ್ತಿದ್ದರು. ಉದ್ದ ಸುಮಾರು 97 ಕಿಲೋಮೀಟರ್. ದಕ್ಷಿಣದ ಬಾಗಿಲಿಗೆ ಹತ್ತಿರದ ಊರು ಪಾಂಗ್ನಿರ್ಟುಂಗ್. ಅಲ್ಲಿಗೆ ರಸ್ತೆಯಿಲ್ಲ, ವಿಮಾನದಲ್ಲಿಯೇ ಇಳಿಯಬೇಕು. ಊರಿನಿಂದ ಮುಂದೆ ಬೆಟ್ಟಗಳ ನಡುವೆ ಒಳಸರಿದ ಕಡಲ ತೋಳಿನಲ್ಲಿ ಸುಮಾರು 30 ಕಿಲೋಮೀಟರ್ ದೋಣಿಯ ಪಯಣ. ಕಡಲ ತೋಳಿನ ತುದಿ ಆಳವಿಲ್ಲದ್ದು. ಉಬ್ಬರ ಬಂದಾಗಲಷ್ಟೇ ದೋಣಿ ದಡಕ್ಕೆ ಹತ್ತೀತು. ಹೀಗೆ ಹೊರಡುವ ಗಳಿಗೆಯನ್ನು ನಿರ್ಣಯಿಸುವುದು ಗಡಿಯಾರವಲ್ಲ, ಕಡಲು. ಉದ್ಯಾನವನ್ನು ಹೊಗುವ ಮುನ್ನ ಪ್ರತಿಯೊಬ್ಬರೂ ಹೆಸರು ಬರೆಸಿ, ಸುರಕ್ಷತೆಯ ತಿಳಿವಳಿಕೆಯನ್ನು ಪಡೆಯಬೇಕು. ಹೊರಬಂದ ಮೇಲೆ ಬಂದೆವೆಂದು ಮತ್ತೆ ತಿಳಿಸಬೇಕು.

ದೋಣಿ ಮರಳಿದ ಬಳಿಕ ಉಳಿಯುವುದು ಕಲ್ಲು, ಗಾಳಿ ಮತ್ತು ಬೆನ್ನ ಮೇಲಿನ ಹೊರೆ. ಹತ್ತು ಹನ್ನೆರಡು ದಿನಗಳ ಆಹಾರ, ಡೇರೆ, ಒಲೆ, ಉರುವಲು ಎಲ್ಲವನ್ನೂ ಹೊತ್ತೇ ನಡೆಯಬೇಕು. ಕಸವನ್ನೂ ಹೊತ್ತೇ ತರಬೇಕು. ಕಟ್ಟಿಗೆ ಸಿಕ್ಕೀತೆಂಬ ಆಸೆ ಬೇಡ. ಅಲ್ಲಿಯ ಮರವೆಂದರೆ ನೆಲಕ್ಕಂಟಿ ಹರಿಯುವ ಆರ್ಕ್ಟಿಕ್ ವಿಲ್ಲೊ. ಗೇಣೆತ್ತರವನ್ನೂ ಮುಟ್ಟದ ಗಿಡಕ್ಕೆ ನೂರು ವರ್ಷ ದಾಟಿರುವುದುಂಟು. ಜವುಗಿನಲ್ಲಿ ಹತ್ತಿಹುಲ್ಲು ಬಿಳಿಯಾಗಿ ತೂಗುತ್ತದೆ. ಗಾಳಿ ನಿಂತರೆ ಸೊಳ್ಳೆ ಏಳುತ್ತದೆ. ಗಾಳಿ ಬೀಸಿದರೆ ಡೇರೆಯ ಹಗ್ಗಗಳಿಗೆ ಬಂಡೆ ಹೇರಬೇಕಾಗುತ್ತದೆ.

ದಾರಿ ಎಂಬುದು ಎಲ್ಲೆಡೆಯೂ ಕಾಣುವುದಿಲ್ಲ. ಕಲ್ಲಿನ ಮೇಲೆ ಕಲ್ಲಿಟ್ಟು ನಿಲ್ಲಿಸಿದ ಇನುಕ್ಸುಕ್ ಎಂಬ ಗುರುತುಗಳು ಅಲ್ಲಲ್ಲಿ ದಿಕ್ಕು ತೋರುತ್ತವೆ. ವೀಸಲ್ ನದಿಯ ಬದಿಯಲ್ಲಿ ಉತ್ತರಕ್ಕೆ ಸಾಗಿದರೆ ಒಂದೆರಡು ದಿನಗಳಲ್ಲಿ ಆರ್ಕ್ಟಿಕ್ ವೃತ್ತವನ್ನು ದಾಟಿದ ಹಾಗಾಯಿತು. ಆಮೇಲೆ ಥಾರ್ ಶಿಖರ. ಅದರ ಪಶ್ಚಿಮದ ಗೋಡೆ 1,250 ಮೀಟರ್ ಎತ್ತರ. ಹೊರಕ್ಕೆ ಬಾಗಿ ನಿಂತಿರುವ ಅಂತಹ ಬಂಡೆ ಭೂಮಿಯ ಮೇಲೆ ಇನ್ನೊಂದಿಲ್ಲವೆನ್ನುತ್ತಾರೆ. ಮುಂದೆ ಸಮ್ಮಿಟ್ ಸರೋವರ, ಕಣಿವೆಯ ನೆತ್ತಿ. ಅದರ ಬಳಿಯೇ ಚಪ್ಪಟೆ ತಲೆಯ ಆಸ್ಗಾರ್ಡ್ ಶಿಖರ. ಇಲ್ಲಿಂದ ದಕ್ಷಿಣಕ್ಕೆ ವೀಸಲ್, ಉತ್ತರಕ್ಕೆ ಔಲ್ ನದಿ ಹರಿಯುತ್ತವೆ. ಎರಡಕ್ಕೂ ನೀರುಣಿಸುವುದು ಸುತ್ತಲಿನ ಹಿಮನದಿಗಳು. ಪಶ್ಚಿಮಕ್ಕೆ ಸುಮಾರು ಆರು ಸಾವಿರ ಚದರ ಕಿಲೋಮೀಟರ್ ಹರಡಿಕೊಂಡಿದೆ ಪೆನ್ನಿ ಹಿಮಹಾಸು.

ಮಾರ್ಗದರ್ಶಕನ ಬೆಲೆ ತಿಳಿಯುವುದು ಬೆಟ್ಟದ ಬುಡದಲ್ಲಲ್ಲ, ಹೊಳೆಯ ದಂಡೆಯಲ್ಲಿ. ಹಿಮನದಿಯಿಂದ ಇಳಿದುಬರುವ ತೊರೆ ಬಿಸಿಲಿನೊಂದಿಗೆ ಏರುತ್ತದೆ. ಬೆಳಗ್ಗೆ ಮೊಣಕಾಲಿನಷ್ಟಿದ್ದುದು ಸಂಜೆಗೆ ಸೊಂಟ ಮುಟ್ಟುವುದುಂಟು. ನೀರು ಕಲ್ಲುಪುಡಿ ಕಲಸಿ ಕದಡಿರುವುದರಿಂದ ತಳ ಕಾಣದು. ಒಳಗೆ ಬಂಡೆಗಳು ಉರುಳುವ ಸದ್ದು ಮಾತ್ರ ಕೇಳುತ್ತದೆ. ದಾಟುವ ಮುನ್ನ ಬೆನ್ನಹೊರೆಯ ಸೊಂಟಪಟ್ಟಿಯನ್ನು ಬಿಚ್ಚಿಡಬೇಕು, ಬಿದ್ದರೆ ಹೊರೆಯನ್ನು ಕಳಚಿಕೊಳ್ಳಲು. ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು, ಹರಿವಿಗೆ ಎದುರಾಗಿ, ಒಂದೊಂದೇ ಹೆಜ್ಜೆಯಿಡಬೇಕು. ಇಷ್ಟನ್ನೂ ಕಲಿಯಬಹುದು. ಆದರೆ ದಣಿದ ತಂಡವು ಆಚೆ ದಡದಲ್ಲಿ ಬಿಡಾರಕ್ಕೆ ಒಳ್ಳೆಯ ತಾಣ ಕಂಡು ಆತುರಪಡುವಾಗ, ‘ಇಂದು ಬೇಡ’ ಎನ್ನುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ನೀರಿನಂಚಿಗೆ ಒಂದು ಕಲ್ಲಿಟ್ಟು, ಅದು ಮುಳುಗುವುದೋ ಹೊರಬರುವುದೋ ಎಂದು ನೋಡುತ್ತ ಕಾಯುವುದೂ ಯಾತ್ರೆಯ ಒಂದು ಭಾಗವೇ. ನಡುಬೇಸಿಗೆಯಲ್ಲಿ ಕತ್ತಲೆಂಬುದಿಲ್ಲ. ನಸುಕಿನ ಮೂರು ಗಂಟೆಗೆ, ಚಳಿಗೆ ತೊರೆ ತಗ್ಗಿದಾಗ, ದಾಟಲು ಬೆಳಕು ಸಾಕಷ್ಟಿರುತ್ತದೆ.

ಈ ಲೆಕ್ಕಾಚಾರವೇ ಈಗ ತಪ್ಪುತ್ತಿದೆ. 2008ರ ಜೂನ್‌ನಲ್ಲಿ ಪಾಂಗ್ನಿರ್ಟುಂಗ್ ಊರಿನ ಡುವಾಲ್ ನದಿ ಉಕ್ಕಿತು. ವರ್ಷವಿಡೀ ಹೆಪ್ಪುಗಟ್ಟಿರುತ್ತಿದ್ದ ದಂಡೆಯ ನೆಲ ಸೀಳಿ ಕುಸಿಯಿತು, ಸೇತುವೆಗಳು ಕೆಟ್ಟವು. ಅದೇ ಬೇಸಿಗೆಯಲ್ಲಿ ಕಣಿವೆಯೊಳಗೂ ನೆರೆ ಬಂದು, ಚಾರಣಿಗರನ್ನು ಹೆಲಿಕಾಪ್ಟರಿನಲ್ಲಿ ಹೊರತರಬೇಕಾಯಿತು. ಉದ್ಯಾನದ ಒಂದು ಭಾಗವನ್ನು ಕೆಲಕಾಲ ಮುಚ್ಚಲಾಯಿತು. ಹಿಮ ಹಿಂಜರಿದಲ್ಲಿ ಸಡಿಲ ಬಂಡೆಗಳ ದಿಬ್ಬಗಳು ಉಳಿಯುತ್ತವೆ. ನಿನ್ನೆ ಭದ್ರವಾಗಿದ್ದ ಕಲ್ಲು ಇಂದು ಕಾಲಡಿಯಲ್ಲಿ ಉರುಳುತ್ತದೆ. ತಲೆಮಾರುಗಳಿಂದ ಬಂದ ಋತುಜ್ಞಾನವನ್ನು ಅಲ್ಲಿಯ ಬೇಟೆಗಾರರೂ ದೋಣಿಯವರೂ ವರ್ಷವರ್ಷವೂ ತಿದ್ದಿಕೊಳ್ಳಬೇಕಾಗಿದೆ.

ಗಡಿಯಾಚೆ ಕನ್ನಡ ಓದುವ ನಮಗೆ ಒಂದು ಊರಿನ ಹೆಸರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕಣಿವೆಯ ಶಿಖರಗಳಿಗೆ ಹೊರಗಿನವರು ಇಟ್ಟದ್ದು ಯುರೋಪಿನ ಪುರಾಣದ ಹೆಸರುಗಳನ್ನು: ಥಾರ್, ಆಸ್ಗಾರ್ಡ್, ಓಡಿನ್. ಆದರೆ 1976ರಲ್ಲಿ ಕಾಯ್ದಿರಿಸಿದ, 2001ರಲ್ಲಿ ಪೂರ್ಣ ರಾಷ್ಟ್ರೀಯ ಉದ್ಯಾನವಾದ ನೆಲಕ್ಕೆ ಉಳಿದದ್ದು ಅಲ್ಲಿಯವರ ನುಡಿಯ ಹೆಸರು. ಆ ಪ್ರಾಂತ್ಯವೂ 1999ರಿಂದ ನುನಾವುತ್, ಅಂದರೆ ‘ನಮ್ಮ ನಾಡು’. ಇತರರ ನಕಾಶೆಗಳ ನಡುವೆ ಉಳಿದುಬಂದ ಹೆಸರಿಗೆ ಈಗ ಎದುರಾಗಿರುವ ಕಂಟಕ ಬೇರೆ ಬಗೆಯದು. ಹೆಸರನ್ನು ಯಾರೂ ಅಳಿಸುತ್ತಿಲ್ಲ. ಅದು ಹೇಳುವ ಮಾತು ಸುಳ್ಳಾಗುತ್ತಿದೆ. ಕಣಿವೆಯನ್ನು ದಾಟಿ ಬಂದವನು ಕಚೇರಿಯಲ್ಲಿ ‘ಮರಳಿದೆ’ ಎಂದು ತಿಳಿಸಿ ಹೊರಡುವಾಗ, ಬಾಗಿಲ ಬಳಿ ಆ ಹೆಸರನ್ನು ಇನ್ನೊಮ್ಮೆ ಓದದೆ ಇರಲಾರ.